ಶಿಕ್ಷಕನಿಗೆ ಮಾನಧನ ಬೇಡ, ಪಗಾರ ಕೊಡಿ

ಗಡಿಭಾಗದ ಕನ್ನಡ ಶಾಲೆಗಳ ಸ್ಥಿತಿಗತಿಯ ಕುರಿತು ಬರೆಯಬೇಕೆಂದು ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದರು. ಸ್ಥಿತಿಗತಿಯನ್ನು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರು ನನ್ನಿಂದ ತಿಳಿಯಬೇಕಾಗಿಲ್ಲ. ನಮ್ಮ ಪ್ರತಿಯೊಂದು ಸಮ್ಮೇಳನದಲ್ಲಿಯೂ ಅದಕ್ಕೊಂದು ಗೋಷ್ಠಿ ಮೀಸಲಾಗಿರುತ್ತದೆ. ಕಟ್ಟಡ, ಪಠ್ಯಪುಸ್ತಕ, ಇಂಗ್ಲಿಷಿನ ಹಾವಳಿ, ಪಾಲಕರ ಉದಾಸೀನ, ಇವೆಲ್ಲ ಚರ್ಚೆಗೆ ಬರುತ್ತವೆ. ಶಿಕ್ಷಕರಿಗೆ ಶಾಲು ಹೊದಿಸಿ ಸನ್ಮಾನವೂ ಆಗುತ್ತದೆ. ಆದರೆ ಆ ಶಾಲು ಹೊದ್ದವನಿಗೆ ತಿಂಗಳ ಕೊನೆಗೆ ಎಷ್ಟು ಪಗಾರ ಕೈಗೆ ಬರುತ್ತದೆಂದು ವೇದಿಕೆಯ ಮೇಲೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಸಾಹಿತ್ಯದ ಸಭೆಯಲ್ಲಿ ಹಣದ ಮಾತು ಎತ್ತುವುದು ಶೋಭಿಸದೆಂಬ ಸಂಕೋಚವಿದ್ದೀತು. ನನಗೆ ಆ ಸಂಕೋಚವಿಲ್ಲ. ಈ ಲೇಖನವೆಲ್ಲ ಹಣದ ಮಾತೇ.

ಶಿಕ್ಷಕನ ಕನಿಷ್ಠ ವೇತನದ ಪ್ರಶ್ನೆ ಈ ಪ್ರಾಂತದಲ್ಲಿ ಹೊಸದಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿರಾವ ಫುಲೆಯವರು ಸಲ್ಲಿಸಿದ ನಿವೇದನೆಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನ ಪಗಾರ ತಿಂಗಳಿಗೆ ಹನ್ನೆರಡು ರೂಪಾಯಿಗಿಂತ ಕಡಿಮೆ ಇರಲೇಬಾರದು, ದೊಡ್ಡ ಊರುಗಳಲ್ಲಿ ಹದಿನೈದು ಇಪ್ಪತ್ತರವರೆಗೆ ಇರಬೇಕು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ರೈತರು ಕಟ್ಟಿದ ಕಂದಾಯದಿಂದ ಮೇಲುವರ್ಗದವರ ಉಚ್ಚ ಶಿಕ್ಷಣ ನಡೆದು, ರೈತನ ಮಗುವಿನ ಶಾಲೆಗೆ ಪುಡಿಗಾಸು ಉಳಿಯುತ್ತದೆಂಬುದು ಅವರ ಮುಖ್ಯ ಆಕ್ಷೇಪ. ಪಗಾರ ಕಡಿಮೆಯಾದರೆ ತಕ್ಕ ಮನುಷ್ಯ ಈ ಕೆಲಸಕ್ಕೆ ಬರುವುದಿಲ್ಲವೆಂಬ ಸರಳ ಸಂಗತಿಯನ್ನು ಅವರು ಬ್ರಿಟಿಷರಿಗೆ ತಿಳಿಸಿ ಹೇಳಬೇಕಾಯಿತು. ನೂರ ನಲವತ್ತು ವರ್ಷ ಕಳೆದ ಮೇಲೆ, ಫುಲೆಯವರ ಭಾವಚಿತ್ರಕ್ಕೆ ಹಾರ ಹಾಕಿ ಕಚೇರಿ ಆರಂಭಿಸುವ ಸರಕಾರಕ್ಕೆ ಅದೇ ಸಂಗತಿಯನ್ನು ನಾವು ಮತ್ತೆ ಹೇಳಬೇಕಾಗಿದೆ.

ನಾನು ಬಿ.ಎ., ಬಿ.ಎಡ್. ಮುಗಿಸಿ ಸೇವೆಗೆ ಸೇರಿದ್ದು 1970ರ ದಶಕದಲ್ಲಿ. ಅನುದಾನಿತ ಶಾಲೆಯಲ್ಲಿ ಕ್ರಮಬದ್ಧವಾಗಿ ನೇಮಕವಾದವನಿಗೆ ಆಗ ಮೊದಲ ತಿಂಗಳಿಂದಲೇ ವೇತನಶ್ರೇಣಿ ಸಿಗುತ್ತಿತ್ತು. 1977ರಲ್ಲಿ ಮಹಾರಾಷ್ಟ್ರದ ಖಾಸಗಿ ಶಾಲಾ ನೌಕರರ ಸೇವಾಶರ್ತುಗಳ ಕಾಯ್ದೆ ಬಂದಿತು. 1981ರಲ್ಲಿ ಅದರ ನಿಯಮಾವಳಿಯೂ ಆಯಿತು. ಎರಡು ವರ್ಷದ ಪರೀಕ್ಷಾವಧಿ ಇತ್ತು ನಿಜ. ಆ ಅವಧಿಯಲ್ಲಿ ಶಿಕ್ಷಕನ ಕೆಲಸವನ್ನು ಪರೀಕ್ಷಿಸುತ್ತಿದ್ದರು, ಅವನ ಹೊಟ್ಟೆಯನ್ನಲ್ಲ. ಸಂಸ್ಥಾಚಾಲಕರ ಇಚ್ಛೆಯ ಮೇಲೆ ನಡೆಯುತ್ತಿದ್ದ ನೌಕರಿಗೆ ಆ ಕಾಯ್ದೆ ಒಂದು ನೆಲೆ ಕೊಟ್ಟಿತು. ನಮ್ಮ ಪೀಳಿಗೆಯ ಶಿಕ್ಷಕರು ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು, ಇಂದು ನಿವೃತ್ತಿವೇತನದ ಮೇಲೆ ಮರ್ಯಾದೆಯಿಂದ ಬದುಕುತ್ತಿರುವುದು ಆ ನೆಲೆಯ ಮೇಲೆ.

2000ದಲ್ಲಿ 'ಶಿಕ್ಷಣ ಸೇವಕ' ಎಂಬ ಹೊಸ ಹೆಸರು ಹುಟ್ಟಿತು. ಡಿ.ಎಡ್. ಅಥವಾ ಬಿ.ಎಡ್. ಆದ, ಮಂಜೂರಾದ ಹುದ್ದೆಯ ಮೇಲೆ ನೇಮಕವಾದ, ಪೂರ್ಣಕಾಲ ಕಲಿಸುವ ಶಿಕ್ಷಕ ಮೊದಲ ಮೂರು ವರ್ಷ ಶಿಕ್ಷಕನಲ್ಲ, ಸೇವಕ. ಸೇವಕನಾದ್ದರಿಂದ ಅವನಿಗೆ ವೇತನವಿಲ್ಲ, ಮಾನಧನ. ಪ್ರಾಥಮಿಕಕ್ಕೆ 3,000, ಮಾಧ್ಯಮಿಕಕ್ಕೆ 4,000, ಕಿರಿಯ ಮಹಾವಿದ್ಯಾಲಯಕ್ಕೆ 5,000 ರೂಪಾಯಿ. ಮುಂದೆ ಅದು 6,000, 8,000, 9,000 ಆಯಿತು. ಆಗಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯೇ ನಿಂತಿತು.

ಆ 6,000 ರೂಪಾಯಿಯ ಲೆಕ್ಕವನ್ನು ಒಮ್ಮೆ ನೋಡೋಣ. ನಾನು ಗಣಿತದ ಶಿಕ್ಷಕನಲ್ಲ, ಆದರೂ ಇಷ್ಟು ಭಾಗಾಕಾರ ಬರುತ್ತದೆ. ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದರೆ ದಿನಕ್ಕೆ 231 ರೂಪಾಯಿ ಬೀಳುತ್ತದೆ. 2022-23ರಲ್ಲಿ ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 256 ರೂಪಾಯಿ ಇತ್ತು. ಅದೇ ಸರಕಾರದ ಶಾಲೆಯಲ್ಲಿ, ಹನ್ನೆರಡನೆಯ ಇಯತ್ತೆಯ ಮೇಲೆ ಎರಡು ವರ್ಷ ತರಬೇತಿ ಪಡೆದು, ಅರ್ಹತಾ ಪರೀಕ್ಷೆ ಪಾಸಾಗಿ, ಮತ್ತೊಂದು ಅಭಿಯೋಗ್ಯತಾ ಪರೀಕ್ಷೆಯನ್ನೂ ಎದುರಿಸಿ ಬಂದವನಿಗೆ 231. ಮಣ್ಣಿನ ಕೆಲಸ ಮಾಡುವವನಿಗೆ ಹೆಚ್ಚು ಕೊಟ್ಟರೆಂದು ನನ್ನ ತಕರಾರಿಲ್ಲ; ಅವನಿಗೂ ಅದು ಕಡಿಮೆಯೇ. ಸರಕಾರ ತಾನೇ ಗೊತ್ತುಪಡಿಸಿದ ಅತಿ ಕೆಳಗಿನ ಕೂಲಿಗಿಂತಲೂ ಕೆಳಗೆ ತನ್ನ ಶಿಕ್ಷಕನನ್ನು ಇಟ್ಟಿತ್ತೆಂಬುದು ನನ್ನ ತಕರಾರು.

ಈ ಮೊತ್ತ ತೀರ ಕಡಿಮೆಯೆಂದು ಮುಂಬಯಿ ಉಚ್ಚ ನ್ಯಾಯಾಲಯವೇ ಹೇಳಿದ ಮೇಲೆ 2023ರ ಜನವರಿಯಿಂದ ಪ್ರಾಥಮಿಕಕ್ಕೆ 16,000, ಮಾಧ್ಯಮಿಕಕ್ಕೆ 18,000, ಕಿರಿಯ ಮಹಾವಿದ್ಯಾಲಯಕ್ಕೆ 20,000 ಆಯಿತು. ಅಭಿನಂದನೆಯ ಫಲಕಗಳೂ ಎದ್ದವು. ಆದರೆ ಅದೇ ಪ್ರಾಥಮಿಕ ಹುದ್ದೆಗೆ ಏಳನೆಯ ವೇತನ ಆಯೋಗದ ಪ್ರಕಾರ ಮೂಲವೇತನವೇ 29,200, ಮಾಧ್ಯಮಿಕಕ್ಕೆ 38,600. ಅದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಹೇಳುವ ಹಿರಿಯ ಶಿಕ್ಷಕನ ಮೂಲವೇತನವನ್ನು ಬಿಡಿ, ಆ ಶ್ರೇಣಿಯ ಮೊದಲ ಮೆಟ್ಟಿಲಿನ ಅರ್ಧದ ಆಸುಪಾಸಿನಲ್ಲಿ ಇವನು ನಿಂತಿದ್ದಾನೆ. 2016ರ ಅಕ್ಟೋಬರಿನಲ್ಲಿ ಪಂಜಾಬ ಸರಕಾರದ ವಿರುದ್ಧ ಜಗಜೀತಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದೂ, ಅದೇ ಕೆಲಸ ಮಾಡುವ ತಾತ್ಕಾಲಿಕನಿಗೆ ಶ್ರೇಣಿಯ ಕನಿಷ್ಠ ವೇತನವಾದರೂ ಸಲ್ಲಬೇಕೆಂದೂ ತೀರ್ಪಿತ್ತಿದೆ. ತಾತ್ಕಾಲಿಕನಿಗೇ ಅಷ್ಟು ಸಲ್ಲಬೇಕಾದರೆ, ಮಂಜೂರಾದ ಹುದ್ದೆಯ ಮೇಲೆ ಆಯ್ಕೆಯಾಗಿ ಬಂದವನಿಗೆ ಅದಕ್ಕಿಂತ ಕಡಿಮೆ ಯಾವ ನ್ಯಾಯದಲ್ಲಿ?

2023ರ ಜುಲೈಯಲ್ಲಿ ಇನ್ನೊಂದು ನಿರ್ಣಯ ಹೊರಟಿತು. ಜಿಲ್ಲಾ ಪರಿಷತ್ತಿನ ಶಾಲೆಗಳಲ್ಲಿ ಖಾಲಿ ಹುದ್ದೆಗಳು ತುಂಬುವತನಕ ನಿವೃತ್ತ ಶಿಕ್ಷಕರನ್ನು ತಿಂಗಳಿಗೆ 20,000 ರೂಪಾಯಿಗೆ ಕರಾರಿನ ಮೇಲೆ ನೇಮಿಸಿಕೊಳ್ಳಬೇಕೆಂದು. ವಯಸ್ಸಿನ ಮಿತಿ ಎಪ್ಪತ್ತು. ನಾನು ಆ ಗೆರೆ ದಾಟಿದ್ದರಿಂದ ಲೋಭದ ಆರೋಪ ನನ್ನ ಮೇಲೆ ಬರುವಂತಿಲ್ಲ. ನಿವೃತ್ತಿವೇತನ ಬರುತ್ತಿರುವ ಮುದುಕನಿಗೆ 20,000. ಪರೀಕ್ಷೆ ಗೆದ್ದು ಸಂಸಾರ ಹೂಡಬೇಕಾದ ತರುಣನಿಗೆ 16,000. ಒಂದೇ ವರ್ಷದಲ್ಲಿ, ಒಂದೇ ಖಾತೆ ಮಾಡಿದ ಲೆಕ್ಕವಿದು. ಮರುವರ್ಷ ಕಡಿಮೆ ಪಟದ ಶಾಲೆಗಳಲ್ಲಿ ಇಬ್ಬರು ಶಿಕ್ಷಕರ ಪೈಕಿ ಒಬ್ಬನನ್ನು 15,000ಕ್ಕೆ ಕರಾರಿನ ಮೇಲೆ ಇಡುವ ಯೋಜನೆಯೂ ಬಂದಿತು. ಶಿಕ್ಷಕ ಸಂಘಟನೆಗಳು ಸಾಮೂಹಿಕ ರಜೆ ಹಾಕಿ ಬೀದಿಗಿಳಿದವು. ಆ ಯೋಜನೆ ನಿಲ್ಲಲಿಲ್ಲ. ಆದರೆ ಅದನ್ನು ಬರೆದ ಲೇಖನಿ ಇನ್ನೂ ಮಂತ್ರಾಲಯದ ಮೇಜಿನ ಮೇಲೆಯೇ ಇದೆ.

ಇಷ್ಟು ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಾತಾಯಿತು. ವಿನಾ ಅನುದಾನಿತ ಶಾಲೆಗಳ ಕಥೆ ಇದಕ್ಕಿಂತ ಘೋರ. 2001ರಲ್ಲಿ ಮಹಾರಾಷ್ಟ್ರ ಸರಕಾರ ಹೊಸ ಶಾಲೆಗಳಿಗೆ 'ಕಾಯಮ ವಿನಾ ಅನುದಾನಿತ' ಎಂಬ ಶರತ್ತಿನ ಮೇಲೆ ಮಾನ್ಯತೆ ಕೊಡತೊಡಗಿತು. 2009ರಲ್ಲಿ ಆಂದೋಲನಗಳ ನಂತರ 'ಕಾಯಮ' ಎಂಬ ಶಬ್ದವನ್ನು ತೆಗೆದರು. ಶಬ್ದ ಹೋಯಿತು, ಹಣ ಬರಲಿಲ್ಲ. ಮೌಲ್ಯಮಾಪನ, ಪಾತ್ರ ಶಾಲೆಗಳ ಯಾದಿ, ಘೋಷಿತ, ಅಘೋಷಿತ ಎಂಬ ಮೆಟ್ಟಿಲುಗಳನ್ನು ಹತ್ತಿದ ಮೇಲೆ 2016ರಲ್ಲಿ ಶೇಕಡಾ 20 ಅನುದಾನ. ಆಮೇಲೆ ಇಪ್ಪತ್ತಿಪ್ಪತ್ತರ ಹಂತಗಳಲ್ಲಿ ಮುಂದೆ. ಪ್ರತಿಯೊಂದು ಹಂತಕ್ಕೂ ಮುಂಬಯಿಯ ಆಝಾದ ಮೈದಾನದಲ್ಲಿ ಮಳೆಯಲ್ಲಿ ಕೂಡಬೇಕು. ಶೇಕಡಾ 20 ಪಗಾರ ಪಡೆಯುವ ಶಿಕ್ಷಕನಿಂದ ಸರಕಾರ ಶೇಕಡಾ 20 ಪಾಠ ಕೇಳುವುದಿಲ್ಲ. ನೂರಕ್ಕೆ ನೂರು ಫಲಿತಾಂಶ ಕೇಳುತ್ತದೆ. ಚುನಾವಣೆಗೂ ಜನಗಣತಿಗೂ ಅವನನ್ನೇ ಕರೆಯುತ್ತದೆ.

1977ರ ಕಾಯ್ದೆ ಖಾಸಗಿ ಶಾಲೆಯ ನೌಕರನಿಗೂ ಶ್ರೇಣಿಯ ಪ್ರಕಾರ ವೇತನವನ್ನು ವಿಧಿಸಿದೆ. ಅನುದಾನವಿಲ್ಲದ ಗ್ರಾಮೀಣ ಕನ್ನಡ ಶಾಲೆಯ ಆಡಳಿತ ಮಂಡಳಿ ಅದನ್ನು ಎಲ್ಲಿಂದ ಕೊಟ್ಟೀತು? ಬೀಡಿ ಕಟ್ಟುವವರ, ಮಗ್ಗದವರ, ಕಬ್ಬು ಕಡಿಯಲು ಗುಳೇ ಹೋಗುವವರ ಮಕ್ಕಳಿಂದ ಶುಲ್ಕ ವಸೂಲಿ ಮಾಡಿ ಏಳನೆಯ ಆಯೋಗದ ಪಗಾರ ಕೊಡುವುದು ಸಾಧ್ಯವೇ ಇಲ್ಲ. ಸರಕಾರಕ್ಕೂ ಇದು ಗೊತ್ತು. ಗೊತ್ತಿದ್ದೇ ಮಾನ್ಯತೆ ಕೊಡುತ್ತದೆ, ಗೊತ್ತಿದ್ದೇ ಕಾಯ್ದೆಯ ಕಡೆಗೆ ಕಣ್ಣು ಮುಚ್ಚುತ್ತದೆ. ಈ ಕಣ್ಣುಮುಚ್ಚಾಟದಲ್ಲಿ ಕೆಲವು ಸಂಸ್ಥಾಚಾಲಕರ ಪಾಲೂ ಇದೆಯೆಂಬುದನ್ನು ಮರೆಮಾಚಲಾಗದು. ನೇಮಕಕ್ಕೆ ಮೊದಲು 'ದೇಣಿಗೆ', ನೇಮಕದ ನಂತರ ಒಂದು ಅಂಕಿಗೆ ಸಹಿ ಮತ್ತು ಇನ್ನೊಂದು ಅಂಕಿಯ ಪಾಕೀಟು, ಅನುದಾನ ಬರುವತನಕ ಪುಕ್ಕಟೆ ಸೇವೆ: ಇವು ನಮ್ಮ ಭಾಗದಲ್ಲಿ ಯಾರಿಗೂ ಅಪರಿಚಿತವಲ್ಲ. ಕನ್ನಡದ ಹೆಸರಿನ ಫಲಕ ಹೊತ್ತ ಸಂಸ್ಥೆಯಾದರೂ ಇದು ಶೋಷಣೆಯೇ.

ಕೆಲವು ವರ್ಷಗಳ ಹಿಂದೆ ದುಧನಿಯ ಕಡೆಯ ಪಾಲಕರೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಮಗನನ್ನು ಕನ್ನಡ ಶಾಲೆಯಿಂದ ಬಿಡಿಸಿದ್ದೇಕೆಂದು ಕೇಳಿದೆ. "ಸರ್ರ, ತಪ್ಪು ತಿಳೀಬ್ಯಾಡ್ರಿ. ಹುಡುಗಗ ಭೂಗೋಲ ಹೇಳೋ ಮಾಸ್ತರು ಸಂಜಿಕ ಅಡತಿ ಅಂಗಡ್ಯಾಗ ಕುಂತು ನನ್ನ ತೊಗರಿ ಚೀಲದ ಪಟ್ಟಿ ಬರೀತಾರ್ರೀ. ಅವರಿಗೇ ಆ ಸಾಲಿ ಹೊಟ್ಟಿಗಿ ಹಾಕವಲ್ತು, ನನ್ನ ಮಗಗ ಏನ್ ಹಾಕ್ತದ್ರೀ?" ಎಂದರು. ನಾವು ಮಾತೃಭಾಷಾ ಶಿಕ್ಷಣದ ಶ್ರೇಷ್ಠತೆಯನ್ನು ಶಿಕ್ಷಣ ತಜ್ಞರ ಹೆಸರು ಹೇಳಿ ಪ್ರತಿಪಾದಿಸುತ್ತೇವೆ. ಆ ರೈತ ತನ್ನ ಲೆಕ್ಕವನ್ನು ಮಾಸ್ತರನ ಮುಖ ನೋಡಿ ಮಾಡಿದ್ದ.

ಗಡಿಭಾಗದ ಕನ್ನಡ ಶಾಲೆಗೆ ಈ ಸಂಕಟ ಎರಡು ಪಟ್ಟು ಏಕೆಂಬುದನ್ನು ಸ್ವಲ್ಪ ವಿವರಿಸುವೆ, ಏಕೆಂದರೆ ನಮ್ಮವರೇ ಹಲವರು ಇದನ್ನು ಗಮನಿಸಿಲ್ಲ. ಸರಕಾರ ಶಿಕ್ಷಕರ ಹುದ್ದೆಗಳನ್ನು ಸಂಚ ಮಾನ್ಯತೆಯಲ್ಲಿ ಪಟದ ಮೇಲೆ ಮಂಜೂರು ಮಾಡುತ್ತದೆ. ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ಇಯತ್ತೆಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಅಕ್ಕಲಕೋಟೆ ತಾಲೂಕಿನ ಒಂದು ಊರಿನಲ್ಲಿ 90 ಮಕ್ಕಳಿದ್ದಾರೆಂದು ತಿಳಿಯಿರಿ. ಒಂದೇ ಮಾಧ್ಯಮವಿದ್ದರೆ ಲೆಕ್ಕ ಸರಳ. ಆದರೆ ನಮ್ಮ ಊರುಗಳಲ್ಲಿ ಕನ್ನಡ, ಮರಾಠಿ, ಕೆಲವೆಡೆ ಉರ್ದು ಶಾಲೆಗಳು ಒಂದೇ ಆವಾರದಲ್ಲಿವೆ. ಮಕ್ಕಳು ಹಂಚಿಹೋಗುತ್ತಾರೆ, ಯಾವ ಶಾಲೆಯ ಪಟವೂ ದೊಡ್ಡದಾಗುವುದಿಲ್ಲ. 2024ರ ಮಾರ್ಚ್ ತಿಂಗಳ ನಿರ್ಣಯದಂತೆ 6ರಿಂದ 8ನೆಯ ಇಯತ್ತೆಗಳ ಪಟ 20ಕ್ಕಿಂತ ಕಡಿಮೆಯಾದರೆ ಅಲ್ಲಿ ಶಿಕ್ಷಕರ ಮಂಜೂರಾತಿಯೇ ಇಲ್ಲ. ಇದು ಎಲ್ಲ ಮಾಧ್ಯಮಗಳಿಗೂ ಒಂದೇ ನಿಯಮ, ಪಕ್ಷಪಾತವೆಲ್ಲಿದೆ ಎಂದು ಅಧಿಕಾರಿಗಳು ಕೇಳುತ್ತಾರೆ. ಅಲ್ಪಸಂಖ್ಯಾತರ ಪಟ ಅಲ್ಪವಾಗಿಯೇ ಇರುತ್ತದೆ. ಆದ್ದರಿಂದ ಸಂಖ್ಯೆಯ ನಿಯಮ ಮೊದಲು ಕಡಿಯುವುದು ಅವರ ಶಾಲೆಯನ್ನೇ. ಈ ಕಾರಣಕ್ಕಾಗಿಯೇ ಸಂವಿಧಾನಕ್ಕೆ 1956ರ ತಿದ್ದುಪಡಿಯಲ್ಲಿ 350-ಎ ವಿಧಿಯನ್ನು ಸೇರಿಸಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ, ಪ್ರತಿಯೊಂದು ಸ್ಥಾನಿಕ ಸಂಸ್ಥೆಯೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಸೌಕರ್ಯವೆಂದರೆ ನಾಲ್ಕು ಗೋಡೆಯೇ? ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಮುದ್ರಿಸಿ ಕಳಿಸುತ್ತಿದೆ, ಅದಕ್ಕಾಗಿ ಮಹಾರಾಷ್ಟ್ರ ಸರಕಾರಕ್ಕೆ ಕೃತಜ್ಞತೆ ಸಲ್ಲಲೇಬೇಕು. ಪುಸ್ತಕ ಬಂದ ಶಾಲೆಗೆ ಅದನ್ನು ಓದಿಸುವವನೂ ಬರಬೇಕು. ನೆರೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಕಳಿಸಿದ ಪ್ರಕರಣವೂ, ಕಾಸರಗೋಡಿನಲ್ಲಿ ಕನ್ನಡ ತಿಳಿಯದ ಶಿಕ್ಷಕರ ನೇಮಕದ ವಿರುದ್ಧ ಮಕ್ಕಳೇ ಪ್ರತಿಭಟನೆಗೆ ಕೂತದ್ದೂ ನಮ್ಮ ಕಣ್ಣ ಮುಂದಿವೆ. ಕನ್ನಡ ಬಲ್ಲ ಅರ್ಹ ತರುಣರು ಏಕೆ ಸಿಗುವುದಿಲ್ಲವೆಂದರೆ, 16,000ಕ್ಕೆ ಗಡಿಯ ಹಳ್ಳಿಗೆ ಬರುವುದಕ್ಕಿಂತ ಪುಣೆಯ ಕಂಪನಿಯಲ್ಲಿ ದುಡಿಯುವುದು ಲೇಸೆಂದು ಅವರು ನಿರ್ಧರಿಸಿದ್ದಾರೆ. ಡಿ.ಎಡ್.ಗೆ ಹೋಗುವವರೇ ಕಡಿಮೆಯಾದರೆ ನಾಳೆ ಹುದ್ದೆ ಮಂಜೂರಾದರೂ ಕೂಡುವವರಿರುವುದಿಲ್ಲ.

ಮಹಾರಾಷ್ಟ್ರವನ್ನು ಬೈದು ಕರ್ನಾಟಕವನ್ನು ಹೊಗಳಿ ಮುಗಿಸುವುದು ಇಂಥ ಸಂಚಿಕೆಗಳ ರೂಢಿ. ನಾನು ಆ ರೂಢಿಯನ್ನು ಪಾಲಿಸಲಾರೆ. ಕರ್ನಾಟಕದ ಸರಕಾರಿ ಶಾಲೆಗಳು ವರ್ಷಗಳಿಂದ 'ಅತಿಥಿ ಶಿಕ್ಷಕ'ರ ಹೆಗಲ ಮೇಲೆ ನಡೆಯುತ್ತಿವೆ. ಪ್ರಾಥಮಿಕದಲ್ಲಿ ಅವರ ಗೌರವಧನ 10,000 ರೂಪಾಯಿ ಇತ್ತು. 2025ರ ಮುಂಗಡಪತ್ರದಲ್ಲಿ ಎರಡು ಸಾವಿರ ಏರಿಸಿದರು. ಇಲ್ಲಿ ಸೇವಕ, ಅಲ್ಲಿ ಅತಿಥಿ. ಇಲ್ಲಿಯವನಿಗೆ ಮೂರು ವರ್ಷದ ನಂತರವಾದರೂ ಶ್ರೇಣಿಯ ಭರವಸೆಯಿದೆ. ಅಲ್ಲಿಯ ಅತಿಥಿಗೆ ಬೇಸಿಗೆ ರಜೆ ಬಂದೊಡನೆ ಮನೆಯ ದಾರಿ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮದ ಖಾಸಗಿ ಶಾಲೆಗಳಿಗೆ ಅನುದಾನ ಕೊಡಿರೆಂದು ಅಲ್ಲಿನವರು ಎಷ್ಟು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟಿದ್ದಾರೆ! ತನ್ನ ಅಂಗಳದ ಕನ್ನಡ ಶಾಲೆಗೇ ಅನುದಾನ ಕೊಡದ ಸರಕಾರ, 2022ರ ನವೆಂಬರಿನಲ್ಲಿ ಗಡಿತಂಟೆ ಕಾವೇರಿದಾಗ, ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿ ಘೋಷಿಸಿತು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಕೊಠಡಿಗೋ ಉತ್ಸವಕ್ಕೋ ನೆರವು ಬಂದರೆ ಸಂತೋಷವೇ. ಆದರೆ ಕೊಠಡಿ ಒಮ್ಮೆ ಕಟ್ಟುವಂಥದ್ದು. ಪಗಾರ ಪ್ರತಿ ತಿಂಗಳದ್ದು, ಘೋಷಣೆಯಿಂದ ನಡೆಯುವಂಥದ್ದಲ್ಲ.

ಹಣವೆಲ್ಲಿದೆ ಎಂಬುದು ಎಂದಿನ ಉತ್ತರ. ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. ಸರಕಾರಿ, ಸ್ಥಾನಿಕ ಸಂಸ್ಥೆ, ಖಾಸಗಿ ಶಾಲೆ ಎಂಬ ಭೇದವಿಲ್ಲದೆ ಶಿಕ್ಷಕರ ವೇತನ ಸಮಾನವಿರಬೇಕೆಂದೂ ಆ ಆಯೋಗವೇ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಆರರ ಅಂಕಿಯನ್ನು ಮತ್ತೆ ಬರೆದಿದೆ. ನಡುವಿನ ಅರ್ಧ ಶತಮಾನದಲ್ಲಿ ಆ ಅಂಕಿಯನ್ನು ಮುಟ್ಟಿದ ವರ್ಷವಿಲ್ಲ. ಒಂದು ಅವಧಿ ಪೂರೈಸಿದ ಮಾಜಿ ಶಾಸಕರ ನಿವೃತ್ತಿವೇತನವನ್ನು 2016ರಲ್ಲಿ ತಿಂಗಳಿಗೆ 50,000ಕ್ಕೆ ಏರಿಸುವಾಗ ಮಹಾರಾಷ್ಟ್ರದ ಬೊಕ್ಕಸಕ್ಕೆ ಭಾರವಾಗಲಿಲ್ಲ. 2005ರ ನವೆಂಬರ್ ನಂತರ ಸೇವೆಗೆ ಬಂದ ಶಿಕ್ಷಕನ ಹಳೆಯ ನಿವೃತ್ತಿವೇತನ ಮಾತ್ರ ಭಾರವಾಯಿತು.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪೂರ್ಣ ಪಗಾರ ಪಡೆಯುವ ಶಿಕ್ಷಕರೆಲ್ಲ ಸರಿಯಾಗಿ ಕಲಿಸುತ್ತಾರೆಯೇ ಎಂದು ಜನ ಕೇಳುತ್ತಾರೆ. ಎಲ್ಲರೂ ಕಲಿಸುವುದಿಲ್ಲ. ತಾಲೂಕಿನ ಊರಲ್ಲಿ ಮನೆ ಮಾಡಿ ಮೋಟರ್ ಸೈಕಲ್ಲಿನ ಮೇಲೆ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೊರಡುವವರಿದ್ದಾರೆ. ಕನ್ನಡ ಶಾಲೆಯ ಪಗಾರ ಉಂಡು ಸ್ವಂತ ಮಕ್ಕಳನ್ನು ಸೊಲ್ಲಾಪುರದ ಇಂಗ್ಲಿಷ್ ಶಾಲೆಗೆ ಹಾಕಿದವರೂ, ಸಮ್ಮೇಳನದ ಮೆರವಣಿಗೆಯಲ್ಲಿ ಕನ್ನಡ ಬಾವುಟ ಹಿಡಿದು ಮುಂದೆ ನಡೆಯುವವರೂ ಅನೇಕ ಸಲ ಒಬ್ಬರೇ. ಇಂಥವರಿಗೆ ಕಾರಣ ಕೇಳುವ ಅಧಿಕಾರ ಗಟ ಶಿಕ್ಷಣಾಧಿಕಾರಿಗಿದೆ, ಕೇಂದ್ರ ಪ್ರಮುಖನಿಗಿದೆ, ಶಾಲಾ ವ್ಯವಸ್ಥಾಪನ ಸಮಿತಿಗೂ ಇದೆ. ಅದನ್ನು ಅವರು ಚಲಾಯಿಸಲಿ. ಹಳಬನ ಮೈಗಳ್ಳತನಕ್ಕೆ ಹೊಸಬನ ಪಗಾರ ಕಡಿಯುವುದು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಹಾಗೆ ಕಡಿದ ಇಪ್ಪತ್ತೈದು ವರ್ಷಗಳಲ್ಲಿ ಶಾಲೆಗಳು ಸುಧಾರಿಸಿದ್ದನ್ನು ಯಾರೂ ತೋರಿಸಿಲ್ಲ.

ಸೊಲ್ಲಾಪುರಕ್ಕೆ ಈ ವಿಷಯದಲ್ಲಿ ಒಂದು ಹಳೆಯ ಸಂಬಂಧವಿದೆ. 1950ರಲ್ಲಿ ಈ ನಗರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಎಂ. ಆರ್. ಶ್ರೀನಿವಾಸಮೂರ್ತಿಯವರು, ಮೈಸೂರಿನ ವಿದ್ಯಾ ಇಲಾಖೆಯಲ್ಲಿ ದುಡಿದವರು. ಅವರ 'ರಂಗಣ್ಣನ ಕನಸಿನ ದಿನಗಳು' ಕಾದಂಬರಿಯ ನಾಯಕನೇ ಒಬ್ಬ ಶಾಲಾ ಇನ್‌ಸ್ಪೆಕ್ಟರು. ಹಳ್ಳಿಯ ಬಡ ಉಪಾಧ್ಯಾಯರ ಬದುಕು ಸಾಹಿತ್ಯಕ್ಕೆ ತಕ್ಕ ವಸ್ತುವೆಂದು ತಿಳಿದಿದ್ದ ಲೇಖಕರನ್ನು ನಮ್ಮ ಹಿರಿಯರು ಅಧ್ಯಕ್ಷ ಪೀಠದಲ್ಲಿ ಕೂಡಿಸಿದ್ದರು. ಇದೇ ಸೊಲ್ಲಾಪುರದ ಮಗಳು ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷೆಯಾದರು. ಮರಾಠಿ ವಾತಾವರಣದಲ್ಲಿ ಬೆಳೆದು ಕನ್ನಡ ಕಲಿತು, ಇತರರಿಗೂ ಕಲಿಸಲು ತಮ್ಮ ಶ್ರಮ ಸವೆಸಿದವರು. ಅವರ ಹೆಸರಿನ ಮಂಟಪ ಕಟ್ಟುವ ನಾವು ಕನ್ನಡ ಕಲಿಸುವವನ ಪಗಾರದ ಬಗ್ಗೆ ಒಂದು ಗೊತ್ತುವಳಿಯನ್ನಾದರೂ ಮಂಡಿಸಬೇಡವೇ?

ಪ್ರತಿ ಸಲದಂತೆ ಈ ಸಲವೂ ಸಮಾರೋಪದಲ್ಲಿ ಗೊತ್ತುವಳಿಗಳನ್ನು ಓದಲಾಗುವುದು. ಗಡಿ ವಿವಾದದ ಬಗ್ಗೆ, ಮಹಾಜನ ವರದಿಯ ಬಗ್ಗೆ ಎಂದಿನ ಗೊತ್ತುವಳಿ ಇರಲಿ. ಅದರ ನಂತರ ಇದನ್ನೂ ಸೇರಿಸಬೇಕೆಂದು ಸಂಘದ ಪದಾಧಿಕಾರಿಗಳನ್ನು ವಿನಂತಿಸುತ್ತೇನೆ. ಶಿಕ್ಷಣ ಸೇವಕ ಪದ್ಧತಿಯನ್ನು ರದ್ದುಪಡಿಸಿ, ಪರೀಕ್ಷಾವಧಿಯಿದ್ದರೂ ಮೊದಲ ದಿನದಿಂದಲೇ ಶ್ರೇಣಿಯ ಕನಿಷ್ಠ ಮೂಲವೇತನ ಮತ್ತು ತುಟ್ಟಿಭತ್ಯೆ ಕೊಡಬೇಕು. ಮಾನ್ಯತೆ ಪಡೆದು ಅರ್ಹವಾದ ವಿನಾ ಅನುದಾನಿತ ಶಾಲೆಗಳಿಗೆ ಹಂತಗಳ ಆಟವಿಲ್ಲದೆ ನೂರು ಪ್ರತಿಶತ ವೇತನಾನುದಾನ ಸಿಗಬೇಕು. ಭಾಷಾ ಅಲ್ಪಸಂಖ್ಯಾತ ಮಾಧ್ಯಮದ ಶಾಲೆಗಳಿಗೆ ಸಂಚ ಮಾನ್ಯತೆಯಲ್ಲಿ ಪ್ರತ್ಯೇಕ ಪಟದ ನಿಯಮವಿರಬೇಕು, ಆ ಹುದ್ದೆಗಳಿಗೆ ಅದೇ ಮಾಧ್ಯಮದಲ್ಲಿ ಓದಿ ತರಬೇತಿ ಪಡೆದವರನ್ನೇ ನೇಮಿಸಬೇಕು. ಇದರ ಒಂದು ಪ್ರತಿ ಮುಂಬಯಿಯ ಶಾಲಾ ಶಿಕ್ಷಣ ಮಂತ್ರಿಗೆ, ಒಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ, ಇನ್ನೊಂದು ಅತಿಥಿ ಶಿಕ್ಷಕರ ಹೆಸರನ್ನೂ ಸೇರಿಸಿ ಬೆಂಗಳೂರಿಗೆ ಹೋಗಲಿ. ಮರಾಠಿ ಮತ್ತು ಉರ್ದು ಶಾಲೆಗಳ ಶಿಕ್ಷಕ ಸಂಘಟನೆಗಳ ಸಹಿಯನ್ನೂ ಅದರ ಮೇಲೆ ಪಡೆಯಬೇಕು; ಪಗಾರದ ಈ ಪ್ರಶ್ನೆಯಲ್ಲಿ ಅವರೂ ನಾವೂ ಒಂದೇ ಸಾಲಿನಲ್ಲಿ ನಿಂತವರು. ಕರಡನ್ನು ಬರೆದು ಸಂಪಾದಕರ ಕೈಗೆ ಕೊಟ್ಟಿದ್ದೇನೆ. ಮಂಡಿಸುವವರು ಯಾರೆಂಬುದನ್ನು ಕಾರ್ಯಕಾರಿ ಸಮಿತಿ ನಿರ್ಧರಿಸಲಿ. ಅನುಮೋದಿಸಲು ನಾನು ಎದ್ದು ನಿಲ್ಲುತ್ತೇನೆ.